ಸುಳ್ಳುಹುಳಕ್ಕೆ ಕಣ್ಣು ಕಟ್ಟಿದ ವರ್ಷ

ಸಹನಾ, ತೇಜು, ಹೋದ ಭಾನುವಾರ ನಾನು ಶೆಟ್ಟಿಕೊಪ್ಪಕ್ಕೆ ನಿಮ್ಮ ಮನೆಗೆ ಬಂದಾಗ ಸಹನಾ ಬಾಗಿಲ ಮುಂದೆ ಕೂತು ಉಗುರಿಗೆ ಕೆಂಪು ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಒಳಗೆ ಹಲಸಿನ ಬೀಜ ಸುಲಿಯುತ್ತಿದ್ದ ನಾನು ಅದನ್ನು ಹಾಗೇ ಬಿಟ್ಟು ಎದ್ದು ಬಂದು ಅವಳ ಪಕ್ಕ ಕೂತೆ. ಬಣ್ಣದ ಶೀಸೆಯನ್ನು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದೆ. "ಅಜ್ಜಿಗೂ ಬೇಕಂತೆ!" ಅಂತ ತೇಜು ಬಿದ್ದು ಬಿದ್ದು ನಕ್ಕ. "ಅದನ್ನೆಂತಕ್ಕೆ ಮೂಸ್ತೀಯ ಅಮ್ಮ, ತಲೆನೋವು ಬರುತ್ತೆ" ಅಂದಳು ನಿಮ್ಮ ಅಮ್ಮ. ನಾನು ಶೀಸೆ ಕೊಟ್ಟು ಒಳಗೆ ಹೋದೆ. ಎದುರಿಗೆ ಕೂತು ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ನಮ್ಮೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಸುಮ್ಮನೆ ನಿಲ್ಲುತ್ತಿದ್ದೆ, ಸ್ಲೇಟಿನಲ್ಲಿ ಮಾತ್ರ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೇ ಮಾಡುತ್ತಿದ್ದೇನೆ.

ಆ ಬಣ್ಣದ ವಾಸನೆ ನನಗೆ ನಿಮ್ಮ ಅಜ್ಜನ ವಾಸನೆ. ನಗಬೇಡಿ. ಒಂದು ವರ್ಷ ನಮ್ಮ ಮನೆಯಲ್ಲಿ ಔಷಧಿಯ ವಾಸನೆಯ ಮೇಲೆ ಆ ವಾಸನೆ ಕೂತಿತ್ತು. ಆ ವರ್ಷದ ಕಥೆ ಇದು.

ಅಜ್ಜ ಬಾಳಗಡಿಯಲ್ಲಿ ಟೈಲರ್ ಆಗಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಳತೆ, ಕತ್ತರಿ, ಮಿಷನ್ನು ಅವರದು. ಹೆಮ್ಮಿಂಗ್, ಕಾಜ, ಹುಕ್ಕು ನನ್ನದು. ಅವರು ಮುಂದೆ, ನಾನು ಒಳಗೆ, ನಡುವೆ ಒಂದು ಪರದೆ. ಪರದೆ ಸರಿಸಿ ಬಟ್ಟೆ ಒಳಗೆ ಬರುತ್ತಿತ್ತು, ಮಾತು ಅಷ್ಟಾಗಿ ಬರುತ್ತಿರಲಿಲ್ಲ. ಜಗಳ ಏನೂ ಇರಲಿಲ್ಲ. ಮದುವೆಯಾದಾಗಿನಿಂದ ಹಾಗೇ ನಡೆದುಕೊಂಡು ಬಂದಿತ್ತು. ಅವರು ನನ್ನನ್ನು ಕರೆಯುತ್ತಿದ್ದದ್ದು "ಇವಳೇ" ಅಂತ, ನಾನು ಅವರನ್ನು "ನೋಡಿ" ಅಂತ.

ಅವರಿಗೆ ಇದ್ದ ಒಂದೇ ಹುಚ್ಚು ಮೀನಿನದು. ಭಾನುವಾರ ಬಂತೆಂದರೆ ಗೆಳೆಯ ಲೋಕಪ್ಪನ ಆಟೋದಲ್ಲಿ ನರಸಿಂಹರಾಜಪುರಕ್ಕೆ, ಭದ್ರಾ ಹಿನ್ನೀರಿಗೆ. ಲೋಕಪ್ಪ ಎರೆಹುಳ ಚುಚ್ಚಿ ಗಾಳ ಹಾಕಿದರೆ ಇವರು ಮಾತ್ರ ಎರೆಹುಳ ಮುಟ್ಟುತ್ತಿರಲಿಲ್ಲ. ಹುಂಜದ ಗರಿ, ಆಡಿನ ಕೂದಲು, ಹಳೇ ಸೀರೆಯ ಜರಿ ಇವನ್ನೆಲ್ಲ ಗಾಳದ ಕೊಕ್ಕೆಗೆ ದಾರದಲ್ಲಿ ಸುತ್ತಿ ಹುಳದ ಹಾಗೆ, ಮರಿಮೀನಿನ ಹಾಗೆ ಮಾಡುತ್ತಿದ್ದರು. ಒಬ್ಬ ಎಸ್ಟೇಟ್ ಮ್ಯಾನೇಜರರ ಹತ್ತಿರ ಕಲಿತ ವಿದ್ಯೆ. ಇವರು ಕೋಟು ಹೊಲಿದುಕೊಟ್ಟ ಖುಷಿಗೆ ಆ ಮ್ಯಾನೇಜರು ಊರು ಬಿಡುವಾಗ ಒಂದು ತಗಡಿನ ಪೆಟ್ಟಿಗೆ ಕೊಟ್ಟು ಹೋಗಿದ್ದರಂತೆ. ಅದರಲ್ಲಿ ಕೊಕ್ಕೆಗಳು, ಕೊಕ್ಕೆಯನ್ನು ಕಚ್ಚಿ ಹಿಡಿಯುವ ಒಂದು ಪುಟ್ಟ ವೈಸು. ಇವರು ಕಟ್ಟಿದ ಹುಳಕ್ಕೆ ಲೋಕಪ್ಪ 'ಸುಳ್ಳುಹುಳ' ಅಂತ ಹೆಸರಿಟ್ಟಿದ್ದ. ಆ ಪೆಟ್ಟಿಗೆಯನ್ನು ಮನೆಯಲ್ಲಿ ಯಾರೂ ಮುಟ್ಟುವ ಹಾಗಿರಲಿಲ್ಲ.

ನಿಮ್ಮ ಅಮ್ಮನ ಮದುವೆಯಾಗಿ ಒಂದು ವರ್ಷ ಆಗಿತ್ತು, ನೀವಿಬ್ಬರೂ ಇನ್ನೂ ಹುಟ್ಟಿರಲಿಲ್ಲ. ಆರಿದ್ರಾ ಮಳೆ ಹಿಡಿದಿತ್ತು. ಶಾಲೆ ಶುರುವಾಗಿ ಯೂನಿಫಾರಂ ಬಟ್ಟೆ ರಾಶಿ ಬಿದ್ದಿತ್ತು. ನಾನು ಒಳಗೆ ಹುಕ್ಕು ಹಾಕುತ್ತಿದ್ದೆ. ಪರದೆಯ ಆ ಕಡೆ ಕತ್ತರಿ ನೆಲಕ್ಕೆ ಬಿದ್ದ ಶಬ್ದವಾಯಿತು. ಅವರು ಕತ್ತರಿ ಬೀಳಿಸುವವರೇ ಅಲ್ಲ. ಎದ್ದು ಓಡಿದೆ.

ಲಕ್ವ ಹೊಡೆದಿತ್ತು. ಶಿವಮೊಗ್ಗದಲ್ಲಿ ಮೂರು ವಾರ ಇಟ್ಟುಕೊಂಡರು. ಕಾಲು ಕೋಲು ಹಿಡಿದು ನಡೆಯುವಷ್ಟು ಬಂತು, ಮಾತು ತೊದಲಿದರೂ ಬಂತು, ಕಣ್ಣು ಸ್ವಲ್ಪ ಮಂಜಾಯಿತು. ಬಲಗೈ ಮಾತ್ರ ಬರಲಿಲ್ಲ. ಡಾಕ್ಟರು ಒಂದು ಹಳದಿ ಸ್ಪಂಜಿನ ಚೆಂಡು ಕೊಟ್ಟು ದಿನಕ್ಕೆ ನೂರು ಸಲ ಹಿಸುಕಿ ಅಂದರು. ಮನೆಗೆ ಬಂದ ಮೂರನೇ ದಿನ ಇವರು ಅದನ್ನು ಎಡಗೈಯಲ್ಲಿ ಎಸೆದರು. "ನಾನೇನು ಬಾಲವಾಡಿ ಮಗುವಾ?" ಚೆಂಡು ಮಂಚದ ಅಡಿಗೆ ಹೋಯಿತು. ಇವರು ಗೋಡೆಯ ಕಡೆ ತಿರುಗಿ ಮಲಗಿದರು.

ಹಾಗೇ ಮಲಗಿದವರು ಮತ್ತೆ ಈ ಕಡೆ ತಿರುಗಲಿಲ್ಲ ಅಂತಲೇ ಹೇಳಬೇಕು. ಎಡಗೈಯಲ್ಲಿ ಉಣ್ಣಲು ನಾಚಿಕೆ. ನನ್ನ ಕೈಯಲ್ಲಿ ತುತ್ತು ತೆಗೆದುಕೊಳ್ಳಲು ಇನ್ನೂ ನಾಚಿಕೆ. ಎರಡು ತುತ್ತು ತಿಂದು ಸಾಕು ಅನ್ನುತ್ತಿದ್ದರು. ಮತ್ತೆ ತೋರಿಸಲು ಹೋದಾಗ ಡಾಕ್ಟರು ನನ್ನನ್ನು ಬಾಗಿಲ ಹತ್ತಿರ ಕರೆದು, "ಕೈ ಹೋದರೆ ಹೋಗಲಿ ಅಮ್ಮ, ಇವರು ಮನಸ್ಸನ್ನೇ ಬಿಟ್ಟುಬಿಟ್ಟಿದ್ದಾರೆ. ಹೀಗೇ ಆದರೆ ಬಹಳ ದಿನ ಇರಲ್ಲ" ಅಂದರು. ಬಸ್ಸಿನಲ್ಲಿ ಕೊಪ್ಪದವರೆಗೆ ಅವರ ಪಕ್ಕ ಕೂತು ಬಂದೆ. ಏನು ಮಾತಾಡಬೇಕು ಅಂತ ತಿಳಿಯಲಿಲ್ಲ. ಅಷ್ಟು ವರ್ಷ ಪರದೆಯ ಈಚೆ ಇದ್ದವಳು.

ಆಶ್ಲೇಷಾ ಮಳೆಯಲ್ಲಿ ಬೀರುವಿನ ಬಟ್ಟೆಗೆಲ್ಲ ಬೂಸಲು ಬಂತು. ತೆಗೆದು ಒಲೆಯ ಹತ್ತಿರ ಹರಡುವಾಗ ತಗಡಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ಒಳಗಿನ ಗರಿಗಳಿಗೂ ಬೂಸಲು ಹಿಡಿದಿರುತ್ತದೆ ಅನ್ನಿಸಿತು. ಮುಚ್ಚಳ ತೆಗೆದೆ. ಆ ಮುಚ್ಚಳದ ಕಿರ್ ಅನ್ನುವ ಶಬ್ದ ಅವರಿಗೆ ಗೊತ್ತು.

"ಯಾರದು ಪೆಟ್ಟಿಗೆ ಮುಟ್ಟಿದ್ದು?"

ಒಂದು ತಿಂಗಳಲ್ಲಿ ಅವರು ಆಡಿದ ಮೊದಲ ಪೂರ್ತಿ ಮಾತು ಅದು. ನನಗೆ ಹೆದರಿಕೆಯಾಗಬೇಕಿತ್ತು, ಖುಷಿಯಾಯಿತು. ಪೆಟ್ಟಿಗೆಯನ್ನು ಅವರ ಮಂಚದ ಮೇಲೇ ತಂದಿಟ್ಟೆ. "ಗರಿಗೆ ಬೂಸಲು ಬಂದಿದೆ, ನೋಡಿ" ಅಂದೆ. ಈ ಕಡೆ ತಿರುಗಿದರು. ಎಡಗೈಯಿಂದ ಒಂದೊಂದೇ ಗರಿ ಎತ್ತಿ, ಮಂಜು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ, "ಕಟ್ಟುವವರೇ ಇಲ್ಲ. ಬೂಸಲು ಬಂದರೇನು, ಬಿಟ್ಟರೇನು" ಅಂದರು.

"ನೀವು ಹೇಳಿಕೊಟ್ಟರೆ ನಾನು ಕಟ್ಟುತ್ತೇನೆ."

ಹೇಗೆ ಬಾಯಿಗೆ ಬಂತೋ. ಅವರು ನನ್ನನ್ನೇ ನೋಡಿದರು. "ಕಾಜ ಹಾಕಿದ ಹಾಗಲ್ಲ ಮಾರಾಯ್ತಿ ಇದು" ಅಂದರು.

ಕಾಜ ಹಾಕಿದ ಹಾಗೇ ಇತ್ತು ಹೆಚ್ಚುಕಡಿಮೆ. ದಾರ ಬಿಗಿಯಾಗಿರಬೇಕು, ಒಂದರ ಪಕ್ಕ ಒಂದು ಕೂರಬೇಕು, ಎಲ್ಲೂ ಏರಬಾರದು. ಮಂಚದ ಪಕ್ಕ ಹೊಲಿಗೆ ಮೇಜು ಎಳೆದು ವೈಸು ಕೂರಿಸಿದೆ. ಅವರು ದಿಂಬಿಗೆ ಒರಗಿ ಬೈಯುತ್ತಾ ಹೇಳಿಕೊಟ್ಟರು. "ಗರಿಯನ್ನ ಅಲ್ಲಿ ಅಲ್ಲ, ಹಿಂದೆ. ಹಿಂದೆ ಅಂದರೆ ಮುಂದೆ ಹೋಗ್ತೀಯಲ್ಲ!" ಬೈದಷ್ಟೂ ಹೊಟ್ಟೆ ಹಸಿಯುತ್ತಿತ್ತೋ ಏನೋ, ಎರಡು ತುತ್ತು ನಾಲ್ಕಾಯಿತು.

ಗಣಪತಿ ಹಬ್ಬ ಕಳೆದ ಮೇಲೆ ಲೋಕಪ್ಪ ನಾನು ಕಟ್ಟಿದ ಮೂರನ್ನು ಹಿನ್ನೀರಿಗೆ ಒಯ್ದು ನೋಡಿ ಬಂದ. ಅವನಿಗೆ ಮುಚ್ಚಿಟ್ಟು ಆಡಿ ಗೊತ್ತಿಲ್ಲ. "ಅಣ್ಣ, ಅತ್ತಿಗೆ ಚೆಂದ ಕಟ್ಟಿದ್ದಾರೆ. ಆದರೆ ಮುಳುಗಲ್ಲ ಅಂತದೆ. ಹಿನ್ನೀರು ತುಂಬಿದೆ, ಬಾಳೆಮೀನೆಲ್ಲ ಕೆಳಗದೆ, ಇದು ಮೇಲೆ ತರಗೆಲೆ ಹಾಗೆ ತೇಲ್ತದೆ. ಮೀನು ಬೇಕಾದರೆ ಏಣಿ ಹತ್ತಿ ಬರಬೇಕು." ಬಾಳೆಮೀನೆಂದರೆ ಉದ್ದಕ್ಕೆ ಚಪ್ಪಟೆಯಾಗಿ, ದೊಡ್ಡ ಬಾಯಿಯ ಮೀನು, ಆಳದಲ್ಲಿ ಹೊಂಚುಹಾಕುವಂಥದ್ದು. ಅಜ್ಜನಿಗೆ ಅದರ ಮೇಲೇ ಕಣ್ಣು. ಲೋಕಪ್ಪನ ಮಾತು ಕೇಳಿ ಅವರು ಮತ್ತೆ ಗೋಡೆಯ ಕಡೆ ತಿರುಗಿದರು. ನಾನು ಲೋಕಪ್ಪನನ್ನು ಹೊರಗೆ ಕರೆದು, "ನಿಮಗೆ ಒಂದು ಸುಳ್ಳು ಹೇಳಲು ಆಗುತ್ತಿರಲಿಲ್ಲವಾ?" ಅಂದೆ. ಅವನ ಮುಖ ನೋಡಿ ಆಮೇಲೆ ನನಗೇ ಬೇಜಾರಾಯಿತು.

ದೀಪಾವಳಿ ಕಳೆದ ಮೇಲೆ, ಆಸ್ಪತ್ರೆಯಲ್ಲಿದ್ದಾಗ ನಾನು ಹೊತ್ತಿದ್ದ ಹರಕೆ ತೀರಿಸಲು ಶೃಂಗೇರಿಗೆ ಹೋದೆವು. ದರ್ಶನ ಮಾಡಿಸಿ, ತುಂಗೆಯ ಮೆಟ್ಟಿಲ ಮೇಲೆ ಅವರನ್ನು ಕೂರಿಸಿ, ಮೀನಿಗೆ ಹಾಕಲು ಮಂಡಕ್ಕಿ ತಂದೆ. ಅಲ್ಲಿಯ ಮೀನು ದೇವರ ಮೀನು, ಯಾರೂ ಮುಟ್ಟುವುದಿಲ್ಲ. ನಾನು ಒಂದು ಹಿಡಿ ಎಸೆದಾಗ ಕಪ್ಪು ನೀರಿನಲ್ಲಿ ಕಪ್ಪು ಮೀನು ಗುಂಪಾಗಿ ಎದ್ದವು.

"ಇವಳೇ, ಮೊದಲು ಏನು ಕಾಣುತ್ತೆ ಹೇಳು."

"ಮೀನು."

"ಮೀನು ಸರಿ. ಮೀನಿನಲ್ಲಿ ಎಂತ ಕಾಣುತ್ತೆ?"

ನೋಡಿದೆ. ಮೈ ನೀರಿನ ಬಣ್ಣವೇ. ಕಣ್ಣು ಮಾತ್ರ ಒಂದು ಚುಕ್ಕಿ ಹೊಳೆದು, ಆಮೇಲೆ ಅದರ ಸುತ್ತ ಮೀನು ಕಾಣುತ್ತಿತ್ತು. "ಕಣ್ಣು" ಅಂದೆ.

"ಹಾಂ. ನಮ್ಮದಕ್ಕೆ ಕಣ್ಣಿಲ್ಲ. ಕಣ್ಣಿಟ್ಟರೆ ಅದೇ ಭಾರ. ತಲೆ ಕೆಳಗೆ ಮಾಡಿ ಇಳಿಯುತ್ತೆ."

"ನೋಡಿ, ದೇವರ ಮೀನಿನ ಮುಂದೆ ಗಾಳದ ಮಾತು ಬೇಡ" ಅಂದೆ. ನಿಜಕ್ಕೂ ನನಗೆ ಅಂಜಿಕೆಯಾಗಿತ್ತು.

"ಹಿಡಿಯುತ್ತಿಲ್ಲ ಮಾರಾಯ್ತಿ, ಪಾಠ ಕೇಳುತ್ತಿದ್ದೇನೆ" ಅಂದರು. ಉಳಿದ ಮಂಡಕ್ಕಿಯನ್ನು ಎಡಗೈಯಿಂದ ತಾವೇ ಹಾಕಿದರು. ಬೇರೆಯವರು ನೋಡುತ್ತಿದ್ದರೂ ಎಡಗೈಯನ್ನು ಮುಚ್ಚಿಕೊಳ್ಳಲಿಲ್ಲ.

ಅಲ್ಲಿಂದ ಶುರುವಾಯಿತು ಕಣ್ಣಿನ ಹುಡುಕಾಟ. ಗಾಜಿನ ಮಣಿ ಕಟ್ಟಿದೆ, ಭಾರ ಸಾಲಲಿಲ್ಲ. ಲೋಕಪ್ಪ ಬೀಸುಬಲೆಯ ಸೀಸ ತಂದುಕೊಟ್ಟ, ಅದನ್ನು ಜಜ್ಜಿ ಕಟ್ಟಿದರೆ ಬಕೆಟ್ಟಿನ ನೀರಿಗೆ ಕಲ್ಲಿನ ಹಾಗೆ ಬಿತ್ತು. ಒಂದು ದಿನ ಕೈ ತೊಳೆಯುವಾಗ ಬೇಸಿನ್ನಿನ ಬಿರಡೆಗೆ ಕಟ್ಟಿದ ಸರಪಳಿ ನೋಡಿದೆ. ಸ್ಟೀಲಿನ ಸಣ್ಣ ಸಣ್ಣ ಗುಂಡು, ಒಂದಕ್ಕೊಂದು ಪುಟ್ಟ ಕಡ್ಡಿಯಲ್ಲಿ ಸೇರಿಕೊಂಡಿದ್ದವು. ಎರಡು ಗುಂಡು ಕತ್ತರಿಸಿದರೆ ನಡುವೆ ಸೊಂಟ ಇರುವ ಜೋಡಿ ಕಣ್ಣು! ಸೊಂಟಕ್ಕೆ ದಾರ ಸುತ್ತಬಹುದು. ಕತ್ತರಿ ತಂದು ಅಲ್ಲೇ ಕತ್ತರಿಸಿದೆ. ಆ ಬೇಸಿನ್ನಿಗೆ ಇವತ್ತಿಗೂ ಬಿರಡೆ ಇಲ್ಲದ್ದು ಅದಕ್ಕೇ.

ಸುತ್ತಿದ ದಾರ ನೀರಿನಲ್ಲಿ ಬಿಚ್ಚದ ಹಾಗೆ ಮೇಲೆ ಉಗುರುಬಣ್ಣ ಹಚ್ಚಬೇಕು, ಬಣ್ಣವಿಲ್ಲದ ಬರೀ ಹೊಳಪಿನದು ತಾ ಅಂದರು ಅಜ್ಜ. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫ್ಯಾನ್ಸಿ ಸ್ಟೋರಿಗೆ ಹೋದೆ. ಜೀವನದಲ್ಲಿ ಅದನ್ನು ಕೊಂಡವಳಲ್ಲ. ಒಳಗೆ ಇಬ್ಬರು ಕಾಲೇಜು ಹುಡುಗಿಯರು. ಅಂಗಡಿಯಾಕೆ, "ಯಾರಿಗೆ ಅಕ್ಕ? ಮಗಳಿಗಾ?" ಅಂದಳು.

"ಅಲ್ಲ, ನಮ್ಮ ಮನೆಯವರಿಗೆ" ಅಂದುಬಿಟ್ಟೆ.

ಹುಡುಗಿಯರು ನಗು ತಡೆಯಲು ಒಬ್ಬರ ಭುಜ ಒಬ್ಬರು ಹಿಡಿದುಕೊಂಡರು. ಬಣ್ಣವಿಲ್ಲದ್ದು ಬೇಕು ಅಂತ ಹೇಳುವುದೂ ಮರೆತುಹೋಯಿತು. ಅವಳು ಕೊಟ್ಟ ಶೀಸೆ ತೆಗೆದುಕೊಂಡು ಹೊರಟೆ. ಮನೆಗೆ ಬಂದು ನೋಡಿದರೆ ಅಪ್ಪಟ ಕೆಂಪು. ನಾನು ಬಂದ ಹಿಂದೆಯೇ ಲೋಕಪ್ಪ. "ಅಣ್ಣ, ಉಗುರಿಗೆ ಬಣ್ಣ ಹಾಕ್ತೀರಂತೆ? ಸ್ಟ್ಯಾಂಡಿನಲ್ಲೆಲ್ಲ ಅದೇ ಸುದ್ದಿ. ಕಾಲಿಗೂ ಹಾಕ್ತೀರಾ, ಬರೀ ಕೈಗಾ?" ಅಜ್ಜ ನಕ್ಕರು. ಬಾಯಿಯ ಎಡಭಾಗ ಮಾತ್ರ ನಕ್ಕಿತು, ಬಲಭಾಗ ಸುಮ್ಮನಿತ್ತು. ಅಷ್ಟು ಸಾಕಾಗಿತ್ತು ನನಗೆ. ಇನ್ನೊಂದು ಶೀಸೆ ತರಲು ಧೈರ್ಯ ಬರದೆ ಆ ಕೆಂಪನ್ನೇ ಹಚ್ಚಿದೆವು.

ಕಣ್ಣು ಕಟ್ಟುವುದು ಸುಲಭವಲ್ಲ. ಕೊಕ್ಕೆಗೆ ಅಡ್ಡಲಾಗಿ ಗುಂಡಿನ ಜೋಡಿ ಇಟ್ಟು, ದಾರವನ್ನು ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ ಎಂಟರ ಅಂಕಿಯ ಹಾಗೆ ಸುತ್ತಬೇಕು. ಎಳೆದ ಕೂಡಲೇ ಜೋಡಿ ತಿರುಗಿ ಓರೆಯಾಗುತ್ತಿತ್ತು. ಒಂದು ಕೈ ದಾರಕ್ಕೆ, ಒಂದು ಕೈ ಗರಿಗೆ. ಕಣ್ಣನ್ನು ಒತ್ತಿ ಹಿಡಿಯಲು ಇನ್ನೊಂದು ಬೆರಳು ಬೇಕಿತ್ತು. ಪೊಟ್ಟಣ ಕಟ್ಟುವಾಗ ಗಂಟಿನ ಮೇಲೆ ಯಾರಾದರೂ ಬೆರಳಿಟ್ಟರೆ ಅನುಕೂಲವಾಗುತ್ತದಲ್ಲ, ಹಾಗೆ. ಅವರ ಎಡಗೈ ನನ್ನಿಂದ ಆಚೆ ಇತ್ತು. ಬಲಗೈ ಮೇಜಿನ ಪಕ್ಕದಲ್ಲೇ ಬಿದ್ದಿತ್ತು. ಏನೂ ಯೋಚಿಸದೆ ಅದನ್ನೆತ್ತಿ, ತೋರುಬೆರಳನ್ನು ಕಣ್ಣುಗಳ ಮೇಲೆ ಇಟ್ಟೆ.

"ಅದು ಬರೀ ಭಾರ" ಅಂದರು. "ನಾನು ಒತ್ತುತ್ತಿಲ್ಲ."

"ಭಾರವೇ ಬೇಕಾಗಿರುವುದು" ಅಂದೆ.

ಸುತ್ತು ಕೂತಿತು. ಆಮೇಲೆ ಪ್ರತಿ ಕಣ್ಣಿಗೂ ಆ ಬೆರಳು ಬೇಕಾಯಿತು. ಪುಷ್ಯ ಮಾಸ ಕಳೆಯುವ ಹೊತ್ತಿಗೆ ನನಗೆ ಒಂದೊಂದು ಸಲ ಅದು ಒತ್ತಿದ ಹಾಗೆ ಅನ್ನಿಸುತ್ತಿತ್ತು. ಹೇಳಲಿಲ್ಲ. ಹೇಳಿದ ಮೇಲೆ ಸುಳ್ಳಾದರೆ?

ಶಿವರಾತ್ರಿ ಕಳೆದು ಬಿಸಿಲು ಬಲಿತಾಗ ಲೋಕಪ್ಪ ಆಟೋ ತಂದ. ನಾನೂ ಹೊರಟೆ. ಅಷ್ಟು ವರ್ಷದಲ್ಲಿ ನಾನು ಹಿನ್ನೀರು ನೋಡಿದ್ದು ಅದೇ ಮೊದಲು. ನೀರು ಇಳಿದು, ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಸಾಲುಸಾಲಾಗಿ ತಲೆ ಎತ್ತಿದ್ದವು. ಬಾಳೆಮೀನು ಆ ಬೊಡ್ಡೆಗಳ ಬುಡದಲ್ಲೇ ಇರುವುದಂತೆ. ಅಲ್ಲಿ ಗಾಳ ಎಸೆದರೆ ಕೊಕ್ಕೆ ಮರಕ್ಕೇ ಸಿಕ್ಕಿಕೊಳ್ಳುತ್ತದೆ. ಎಷ್ಟು ಸುಳ್ಳುಹುಳ ಅಲ್ಲಿ ಕಳೆದಿದ್ದರೋ ಅಜ್ಜ.

ದಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಅವರನ್ನು ಕೂರಿಸಿದೆವು. ಎಸೆಯುವ ಮೊದಲು ಕಾಲ ಬುಡದ ತಿಳಿನೀರಿನಲ್ಲಿ ಒಮ್ಮೆ ಎಳೆದು ನೋಡು ಅಂದರು. ಲೋಕಪ್ಪ ಎಳೆದ. ಸುಳ್ಳುಹುಳ ಮುಳುಗಿತು, ಮುಳುಗಿ ಮಗುಚಿಕೊಂಡಿತು. ಜರಿಯ ಹೊಳೆಯುವ ಹೊಟ್ಟೆ ಮೇಲೆ, ಕಪ್ಪು ಬೆನ್ನು ಕೆಳಗೆ, ಕೊಕ್ಕೆಯ ಮೊನೆ ಆಕಾಶಕ್ಕೆ.

"ಅಯ್ಯೋ ಅಣ್ಣ, ಅತ್ತಿಗೆ ಸತ್ತ ಮೀನು ಕಟ್ಟಿದ್ದಾರೆ!" ಅಂದ ಲೋಕಪ್ಪ.

ಅಜ್ಜ ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. "ಕಣ್ಣನ್ನ ಹೊಟ್ಟೆ ಕಡೆ ಕಟ್ಟು ಅಂದಿದ್ದೆ. ನೀನು ಬೆನ್ನಿಗೆ ಕಟ್ಟಿದ್ದೀಯ. ಎಲ್ಲವೂ ಹಾಗೇನಾ?"

ಡಬ್ಬಿಯಲ್ಲಿದ್ದ ಹನ್ನೊಂದೂ ಹಾಗೇ. ನನ್ನ ಜೀವ ಹೋದ ಹಾಗಾಯಿತು. ಮೂವತ್ತು ವರ್ಷ ಹೆಮ್ಮಿಂಗ್ ಮಾಡಿದವಳು ನಾನು. ಹೊಲಿಯುವಾಗ ಬಟ್ಟೆಯ ಒಳಮೈ ಯಾವಾಗಲೂ ಮೇಲಿರುತ್ತದೆ, ಆಮೇಲೆ ತಿರುಗಿಸಿದಾಗ ಸರಿಯಾಗುತ್ತದೆ. ವೈಸಿನಲ್ಲಿ ನನ್ನ ಕಣ್ಣಿಗೆ ಕಾಣುವ ಕಡೆಯೇ ಒಳಗಿನದು, ಅದೇ ಹೊಟ್ಟೆ ಅಂದುಕೊಂಡು ಕಟ್ಟಿದ್ದೆ. ಮಂಜುಗಣ್ಣಿನ ಅವರು ಬೆರಳಲ್ಲಿ ಮುಟ್ಟಿ ಎರಡು ಗುಂಡು ಇವೆ ಅಂತಷ್ಟೇ ನೋಡಿದ್ದರು. ಅವರು ಮತ್ತೆ ಗೋಡೆಗೆ ತಿರುಗುತ್ತಾರೆ, ಈ ಸಲ ನನ್ನಿಂದಲೇ, ಅಂದುಕೊಂಡು ಡಬ್ಬಿಯ ಮುಚ್ಚಳ ಹಾಕಿದೆ.

"ಬಂದದ್ದಾಗಿದೆ. ಎಸೆ" ಅಂದರು ಲೋಕಪ್ಪನಿಗೆ.

ಅವನು ಬೊಡ್ಡೆಗಳ ನಡುವೆ ಎಸೆದು ಗಾಳದ ಕೋಲನ್ನು ಅವರ ತೊಡೆಯ ಮೇಲೆ ಒರಗಿಸಿ ಕೊಟ್ಟ. ಅಜ್ಜ ಎಡಗೈಯಿಂದ ನೂಲು ಎಳೆಯತೊಡಗಿದರು. ಹಳೇ ಅಭ್ಯಾಸಕ್ಕೋ ಏನೋ, ಆ ನೂಲನ್ನು ಬಲಗೈಯ ತೋರುಬೆರಳ ಮೇಲೆ ಹಾಯಿಸಿಕೊಂಡಿದ್ದರು. ಸುಳ್ಳುಹುಳ ಬೊಡ್ಡೆಗಳ ನಡುವಿಂದ ಎಲ್ಲೂ ಸಿಕ್ಕದೆ ಬಂತು. ಎರಡನೇ ಸಲ ಎಸೆದ. ಮತ್ತೆ ಸಿಕ್ಕದೆ ಬಂತು. ಲೋಕಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಮೊನೆ ಮೇಲಿದೆ ಅಣ್ಣ. ಮರಕ್ಕೆ ತಾಗಿದರೂ ಬೆನ್ನಷ್ಟೇ ತಾಗ್ತದೆ. ಜಾರಿ ಬರ್ತದೆ" ಅಂದ. ಅಜ್ಜ ಮತ್ತೆ ಎಸೆಯಲು ಕೈ ತೋರಿಸಿದರು.

ಎಷ್ಟನೇ ಸಲವೋ, ನೂಲು ನಿಂತಿತು. ಅವರ ಮುಖ ಬದಲಾಯಿತು.

"ತಿಳೀತು" ಅಂದರು.

"ಎಂತ?" ಅಂದ ಲೋಕಪ್ಪ.

"ಬೆರಳಿಗೆ ತಿಳೀತು. ಈ ಬೆರಳಿಗೆ!"

ಕೋಲು ಬಾಗಿತು. ಲೋಕಪ್ಪ ಹಾರಿ ಹಿಡಿದ. ನೀರಿನಲ್ಲಿ ಬೆಳ್ಳಗೆ ಉದ್ದನೆಯದು ಒಮ್ಮೆ ಹೊರಳಿದ್ದು ನಾನೂ ನೋಡಿದೆ. ಆಮೇಲೆ ನೂಲು ಸಡಿಲಾಯಿತು. ಸುಳ್ಳುಹುಳ ಬರಿದೇ ಬಂತು, ಗರಿಯೆಲ್ಲ ಕಿತ್ತು, ಕೆಂಪು ತಲೆ ಮತ್ತು ಎರಡು ಕಣ್ಣು ಮಾತ್ರ ಗಟ್ಟಿಯಾಗಿ ಕೂತಿದ್ದವು. "ಹೋಯ್ತಲ್ಲ ಅಣ್ಣ! ಎಂಥ ಮೀನು! ಹೋಯ್ತಲ್ಲ!" ಅಂತ ಲೋಕಪ್ಪ ತಲೆ ತಲೆ ಚಚ್ಚಿಕೊಂಡ. ಅಜ್ಜ ನೀರಿನ ಕಡೆ ನೋಡುತ್ತಲೇ ಇರಲಿಲ್ಲ. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಆ ಬೆರಳನ್ನೇ ನೋಡುತ್ತಿದ್ದರು. ಅದು ಮಡಚಿಕೊಳ್ಳಲು ನೋಡುತ್ತಿತ್ತು. ಕೂದಲೆಳೆಯಷ್ಟು.

ವಾಪಸು ಬರುವಾಗ ಆಟೋದಲ್ಲಿ, "ನಾಳೆ ಇನ್ನಾರು ಕಟ್ಟು" ಅಂದರು.

"ಸರಿಯಾಗಾ, ತಪ್ಪಾಗಾ?" ಅಂದೆ.

ಮದುವೆಯಾದ ಮೇಲೆ ನಾನು ಅವರ ಹತ್ತಿರ ಮಾಡಿದ ಮೊದಲ ತಮಾಷೆ ಅದು. ಲೋಕಪ್ಪ ನಕ್ಕು ಆಟೋ ಗುಂಡಿಗೆ ಇಳಿಸಿದ. ಅಜ್ಜ, "ನೀನು ಕಟ್ಟಿದ ಹಾಗೆ" ಅಂದರು. ಮನೆಗೆ ಬಂದ ಮೇಲೆ ಮಂಚದ ಅಡಿಯಿಂದ ಆ ಹಳದಿ ಚೆಂಡನ್ನು ಕೋಲಿನಿಂದ ತಾವೇ ಎಳೆದುಕೊಂಡರು.

ಕೈ ಪೂರ್ತಿ ಬರಲಿಲ್ಲ. ಕತ್ತರಿ ಮತ್ತೆ ಹಿಡಿಯಲಿಲ್ಲ. ಆದರೆ ಚಮಚದಲ್ಲಿ ಬಲಗೈಯಿಂದಲೇ ಉಂಡರು, ಸಹನಾ ಹುಟ್ಟಿದಾಗ ಆ ಬೆರಳನ್ನು ಅವಳ ಮುಷ್ಟಿಗೆ ಕೊಟ್ಟರು, ತೇಜುವಿನ ಮೊದಲ ಹುಟ್ಟುಹಬ್ಬದವರೆಗೂ ಇದ್ದರು. ಅಷ್ಟು ವರ್ಷವೂ ನಾವು ಕಟ್ಟಿದೆವು. ಅಂಗಡಿಯ ಪರದೆಗೆ ಬೂಸಲು ಬಂದಿತ್ತು ಅಂತ ತೆಗೆದವಳು ಮತ್ತೆ ಹಾಕಲಿಲ್ಲ.

ಅವರು ಹೋದ ಮೇಲೆ ಒಂದು ಸಲ ಪೆಟ್ಟಿಗೆ ತೆಗೆದು ಒಬ್ಬಳೇ ಕಟ್ಟಲು ಕೂತೆ. ಗರಿ ಕೂತಿತು, ಜರಿ ಕೂತಿತು. ಕಣ್ಣು ಕೂರಲಿಲ್ಲ. ಎಳೆದಾಗಲೆಲ್ಲ ತಿರುಗಿಕೊಂಡಿತು. ಹಾಗೇ ಮುಚ್ಚಿಟ್ಟೆ. ಬಣ್ಣದ ಶೀಸೆಯೂ ಒಣಗಿಹೋಯಿತು.

ಸಹನಾ, ದಸರಾ ರಜೆಗೆ ಬರುವಾಗ ನಿನ್ನ ಶೀಸೆ ತೆಗೆದುಕೊಂಡು ಬಾ. ಕೆಂಪೇ ಇರಲಿ. ತೇಜು, ಹುಂಜದ ಕತ್ತಿನ ಗರಿ ಸಿಕ್ಕರೆ ತಾ. ಸರಪಳಿ ಇನ್ನೂ ಒಂದು ಬೆರಳುದ್ದ ಉಳಿದಿದೆ. ನಾನು ದಾರ ಹಿಡಿಯುತ್ತೇನೆ, ನಿಮ್ಮಲ್ಲಿ ಒಬ್ಬರು ಬೆರಳಿಡಿ. ಸಹನಾ, ನೀನೇ ಆದರೆ ಉಗುರಿನ ಬಣ್ಣ ಒಣಗಿದ ಮೇಲೆ ಬಾ.